ದವಡಿ ಹಲ್ಲಿನ ಕ್ಯಾಪು: ಕಂಪ್ಯೂಟರ್ ಮಷೀನ್ ಕೊರದದ್ದು ಛಲೋ ಕೂಡತೈತೋ, ಎರಕ ಹೊಯ್ದದ್ದೋ?

ಗದಗ ಟೀಚರ್:

ಎಲ್ಲಾರಿಗೂ ನಮಸ್ಕಾರ್ರಿ. ನಮ್ಮವ್ವನ ಕೆಳಗಿನ ಬಲಗಡೆ ದೊಡ್ಡ ದವಡಿ ಹಲ್ಲಿಗೆ ಹೋದ ತಿಂಗಳ ರೂಟ್ ಕೆನಾಲ್ ಮಾಡಿಸೀವಿ. ಈಗ ಕ್ಯಾಪ್ ಹಾಕಬೇಕು. ಬೆಟಗೇರಿ ಕಡೆ ನಾವು ತೋರಿಸೋ ಡಾಕ್ಟರು ಎರಡು ನಮೂನಿ ಹೇಳ್ಯಾರ. ಒಂದು, ಒಳಗ ಲೋಹ, ಮ್ಯಾಲ ಹಲ್ಲಿನ ಬಣ್ಣದ ಸಿರಾಮಿಕ್, 4,500 ರೂಪಾಯಿ. ಇನ್ನೊಂದು ಪೂರ್ತಿ ಜಿರ್ಕೋನಿಯಾ (ಬಿಳಿ ಗಟ್ಟಿ ಸಿರಾಮಿಕ್), ಕಂಪ್ಯೂಟರಿನಾಗ ಡಿಸೈನ್ ಮಾಡಿ ಮಷೀನಿನಾಗ ಕೊರಿಯೋದು, 10,000. "ಕಂಪ್ಯೂಟರಿಂದು ಅಗದಿ ಬರೋಬರಿ ಕೂಡತೈತ್ರಿ, ಕೈಲೆ ಎರಕ ಹೊಯ್ದದ್ದು ಅಷ್ಟು ಕೂಡಂಗಿಲ್ಲ" ಅಂದ್ರು.

ರೊಕ್ಕದ ಮಾತು ಆಮ್ಯಾಲ. ನನಗ ಚಿಂತಿ ಇರೋದು ಬ್ಯಾರೆ. ಮೊದಲ ಎಡಗಡೆ ಹಲ್ಲಿಗೆ ಬ್ಯಾರೆ ಊರಾಗ ಕ್ಯಾಪ್ ಹಾಕಿಸಿದ್ವಿ. ನೋಡಾಕ ಛಂದ ಇತ್ತು. ಕೆಲವು ವರ್ಷಕ್ಕ ಬಾಯಿ ವಾಸನಿ ಸುರು ಆತು. ತೆಗೆಸಿ ನೋಡಿದ್ರ ಅಂಚಿನ ಕೆಳಗ ಹಲ್ಲು ಕರ್ರಗಾಗಿ ಮೆತ್ತಗಾಗಿತ್ತು, ಕಡೀಕ ಕೀಳಸಬೇಕಾತು. ಕಿತ್ತ ಡಾಕ್ಟರು "ಅಂಚು ಸರಿ ಕೂತಿದ್ದಿಲ್ಲ" ಅಂತ ಒಂದ ಮಾತು ಹೇಳಿ ಬಿಟ್ರು. ಆವತ್ತಿನಿಂದ ಅವ್ವ ಬಲಗಡೆನ ಅಗೀತಾಳ. ಆಕಿ ಮುಂಡರಗಿ ಕಡೆಯಾಕಿ, ಕಡಕ್ ರೊಟ್ಟಿ ಇಲ್ಲದ ಊಟ ಅಂದ್ರ ಊಟನ ಅಲ್ಲ ಆಕಿಗೆ. ಈ ಹಲ್ಲೂ ಹೋದ್ರ ಆಕಿ ಅನ್ನ ಗಂಜಿಗೆ ಬರಬೇಕಾಗತೈತಿ.

ಬೆಂಗಳೂರಾಗಿರೋ ನನ್ನ ತಮ್ಮ "ಮಷೀನಿಂದ ಹಾಕಸು, ಮೈಕ್ರಾನ್ ಲೆಕ್ಕದಾಗ ಇರ್ತೈತಿ" ಅಂತಾನ. ಹೌದೇನು? ಇದನ್ನ ಯಾರರ ಅಳದು ನೋಡ್ಯಾರೇನು? ಎಷ್ಟು ಫರಕು ಬರತೈತಿ? ನಾನು ಹೈಸ್ಕೂಲಿನಾಗ ವಿಜ್ಞಾನ ಕಲಸ್ತೀನಿ, ಸ್ವಲ್ಪ ಬಿಡಿಸಿ ಹೇಳಿದ್ರೂ ನಡೀತೈತ್ರಿ.

ಸಪ್ತಾಪುರದಾಂವ:

ನಂದು ಜಿರ್ಕೋನಿಯಾ ಐತ್ರಿ ಅಕ್ಕಾರ, ಏನೂ ತ್ರಾಸ ಇಲ್ಲ. ಹದಿನೈದು ವರ್ಷದ ವಾರಂಟಿ ಕಾರ್ಡೂ ಕೊಟ್ಟಾರ. ಮಷೀನ್ ಮಾಡಿದ್ದು ತಪ್ಪಂಗಿಲ್ಲ, ಹಾಕಸ್ರಿ.

ಮೇಣ-ಮಷೀನು ಹುಬ್ಬಳ್ಳಿ:

ಟೀಚರ್ರ, ನಾನು ಹುಬ್ಬಳ್ಳ್ಯಾಗ ಡೆಂಟಲ್ ಲ್ಯಾಬಿನ ಕೆಲಸ ಮಾಡಾಂವ. ಮೇಣ ಹಚ್ಚಿ ಎರಕ ಹೊಯ್ಯೋದ್ರಾಗ ಕೈ ಪಳಗಿಸಿಕೊಂಡು, ಈಗ ಕ್ಯಾಪ್ ಕೊರಿಯೋ ಮಿಲ್ಲಿಂಗ್ ಮಷೀನಿನ ಮುಂದ ಕುಂದರ್ತೀನಿ. ನಿಮ್ಮವ್ವನ ಎಡಗಡೆ ಹಲ್ಲಿನ ಸುದ್ದಿ ಓದಿ ಮನಸ್ಸಿಗೆ ಹತ್ತಿತು, ಅದಕ್ಕ ಉದ್ದ ಬರೀತೀನಿ.

ಮೊದಲ ನನ್ನ ಅಭಿಪ್ರಾಯ ಹೇಳಿಬಿಡ್ತೀನಿ. ಮನಸ್ಸಿಟ್ಟು ಹೊಯ್ದ ಎರಕದ ಕ್ಯಾಪು ಅಂಚಿನ ಮಾತಿನಾಗ ಮಷೀನಿನ ಕ್ಯಾಪಿಗೆ ಸೋಲಂಗಿಲ್ಲ. ಎಷ್ಟೋ ಸಲ ಅದ ಮುಂದ ಇರ್ತೈತಿ. ಆದ್ರ ಅವಸರದಾಗ ಹೊಯ್ದ ಎರಕ ಭಾಳ ಕೆಟ್ಟದ್ದೂ ಆಗಬಹುದು. ಮಷೀನು ಅಷ್ಟು ಮ್ಯಾಲೂ ಹೋಗಂಗಿಲ್ಲ, ಅಷ್ಟು ಕೆಳಗೂ ಬೀಳಂಗಿಲ್ಲ, ದಿನಾ ಒಂದ ನಮೂನಿ ಕೊಡತೈತಿ. ಮತ್ತ ಎರಡಕ್ಕೂ ಬಾಯಿಯಿಂದ ತಗದ ಅಳತಿ (ಹಲ್ಲಿನ ಅಚ್ಚು) ಕೆಟ್ಟಿದ್ರ ಎರಡೂ ಕೆಡತಾವು.

ನಿಮ್ಮ ತಮ್ಮ ಹೇಳಿದ ಮೈಕ್ರಾನಿನ ಲೆಕ್ಕಕ್ಕ ಬರೋಣು. ಒಂದು ಮಿಲಿಮೀಟರಿಗೆ 1000 ಮೈಕ್ರಾನ್. ಕ್ಯಾಪಿನ ಅಂಚಿಗೂ ಹಲ್ಲಿಗೂ ನಡುವ ಸಂದಿ ಇದ್ದ ಇರ್ತೈತಿ, ಸಿಮೆಂಟಿಗೆ ಜಾಗಾ ಬೇಕಲ್ಲ. 1971ರಾಗ ಮೆಕ್ಲೀನ್ ಮತ್ತ ಫಾನ್ ಫ್ರೌನ್‌ಹೋಫರ್ ಅನ್ನೋರು ಸಾವಿರಕ್ಕಿಂತ ಹೆಚ್ಚು ಕ್ಯಾಪುಗಳನ್ನ ಐದು ವರ್ಷ ನೋಡಿ, 120 ಮೈಕ್ರಾನ್ ತನಕ ಸಂದಿ ಇದ್ರ ಬಾಯಾಗ ನಡೀತೈತಿ ಅಂತ ಬರದ್ರು. ಇವತ್ತಿಗೂ ಭಾಳ ಮಂದಿ ಹಿಡಿಯೋ ಗೆರಿ ಅದ. ತಲಿಗೂದಲು ಸುಮಾರು 70 ಮೈಕ್ರಾನ್ ದಪ್ಪ ಅಂತ ಹಿಡೀರಿ, ಎರಡು ಕೂದಲಿನಷ್ಟೂ ಇಲ್ಲ ಆ ಸಂದಿ. ಅದಕ್ಕಿಂತ ದೊಡ್ಡದಾದ್ರ ಸಿಮೆಂಟು ಉಗುಳಿನಾಗ ನಿಧಾನಕ್ಕ ಕರಗತೈತಿ, ಅಲ್ಲಿ ಕೂಳು ಸಿಗತೈತಿ, ಬ್ರಶ್ಶು ಮುಟ್ಟಂಗಿಲ್ಲ, ಹುಳುಕು ಒಳಗ ಇಳೀತೈತಿ. ಎಡಗಡೆ ಹಲ್ಲಿಗೆ ಆಗಿದ್ದೂ ಇದ ಇರಬೇಕು.

ಈಗ ಎರಕ. ಕ್ಯಾಪಿನ ಆಕಾರದಾಗ ಮೇಣ ಕಟ್ಟಿ, ಅದನ್ನ ಕರಗಿಸಿ ಆ ಜಾಗಾಕ್ಕ ಲೋಹ ಹೊಯ್ಯೋದನ್ನ ಹಲ್ಲಿನ ಕೆಲಸಕ್ಕ 1907ರಾಗ ಅಮೆರಿಕಾದ ವಿಲಿಯಂ ಟ್ಯಾಗರ್ಟ್ ಎಲ್ಲಾರ ಮುಂದ ತಂದ್ರು. ಇದ್ರಾಗಿನ ದೊಡ್ಡ ತೊಡಕು ನೀವು ಸಾಲ್ಯಾಗ ಕಲಿಸೋದ ಐತಿ: ಲೋಹ ತಣ್ಣಗಾದಂಗ ಕುಗ್ಗತೈತಿ. ಬಂಗಾರದ ಮಿಶ್ರಲೋಹ ಸುಮಾರು ನೂರಕ್ಕ ಒಂದೂವರಿ, ನಾವು ಬಳಸೋ ನಿಕಲ್-ಕ್ರೋಮ್ ಇಲ್ಲಾ ಕೋಬಾಲ್ಟ್-ಕ್ರೋಮ್ ಎರಡಕ್ಕಿಂತ ಸ್ವಲ್ಪ ಹೆಚ್ಚು. ಹತ್ತು ಮಿಲಿಮೀಟರ್ ಅಗಲದ ದವಡಿ ಹಲ್ಲಿಗೆ ಲೆಕ್ಕ ಹಾಕ್ರಿ, 200 ಮೈಕ್ರಾನ್ ಕಮ್ಮಿ ಬೀಳತೈತಿ. ಅಷ್ಟು ಸಣ್ಣಾದ ಕ್ಯಾಪು ಹಲ್ಲಿನ ಮ್ಯಾಲ ಇಳಿಯೋದ ಇಲ್ಲ. ಅದಕ್ಕ ಮೇಣದ ಸುತ್ತ ಹಾಕೋ ಇನ್ವೆಸ್ಟ್‌ಮೆಂಟ್ ಪುಡಿ ಮೊದಲ ಉಬ್ಬಿ ಜಾಗಾ ದೊಡ್ಡದು ಮಾಡಬೇಕು. ಗಟ್ಟಿ ಆಗುವಾಗ ಸ್ವಲ್ಪ ಉಬ್ಬತೈತಿ, ಭಟ್ಟ್ಯಾಗ ಕೆಂಪಗ ಕಾದಾಗ ಇನ್ನಷ್ಟು. ಕುಗ್ಗೋದು ಉಬ್ಬೋದು ಎರಡೂ ಸಮ ಆದ್ರ ಕ್ಯಾಪು ತಾನಾಗೇ ಕೂಡತೈತಿ.

ಆ ಉಬ್ಬು ನಮ್ಮ ಕೈಯಾಗ ಇರ್ತೈತಿ. ಪುಡಿಗೆ ಕಲಸೋ ಸ್ಪೆಷಲ್ ಲಿಕ್ವಿಡ್ಡಿಗೆ ಡಿಸ್ಟಿಲ್ಡ್ ವಾಟರ್ ಎಷ್ಟು ಸೇರಿಸ್ತೀವಿ ಅನ್ನೋದ್ರ ಮ್ಯಾಲ ಅದು ಹೆಚ್ಚುಕಡಿಮಿ ಆಗತೈತಿ. ಲಿಕ್ವಿಡ್ ಜಾಸ್ತಿ ಇದ್ರ ಉಬ್ಬೂ ಜಾಸ್ತಿ. ಏಪ್ರಿಲ್ ತಿಂಗಳ ಹುಬ್ಬಳ್ಳಿ ಬಿಸಲಿಗೆ ಬಾಟಲಿ ಬೆಚ್ಚಗಾಗಿ ಕಲಸೂದ್ರಾಗನ ಗಟ್ಟಿ ಹತ್ತತೈತಿ, ನಾವು ಅದನ್ನ ಫ್ರಿಜ್ಜಿನಾಗ ಇಡ್ತೀವಿ. ಪುಡಿ ಕಲಸಿ ಹೊಯ್ಯೋ ಲೋಹದ ರಿಂಗಿನ ಒಳಗ ಹಚ್ಚೋ ಕಾಗದದ ಪಟ್ಟಿ ಮರತ್ರ ಪುಡಿಗೆ ಹೊರಗ ಉಬ್ಬಾಕ ಜಾಗಾ ಇರಂಗಿಲ್ಲ. ಮೇಣದ ಅಂಚು ಕಟ್ಟಿದ ಮ್ಯಾಲ ಊಟಕ್ಕ ಎದ್ದು ಹೋದ್ರೂ ಮೇಣ ತನ್ನಷ್ಟಕ್ಕ ಸಡಲಾಗತೈತಿ, ತಿರುಗಿ ಬಂದು ಅಂಚು ಮತ್ತ ಕರಗಿಸಿ ಡೈಗೆ (ಹಲ್ಲಿನ ಪ್ಲಾಸ್ಟರ್ ಪ್ರತಿಗೆ) ಒತ್ತಿ, ಕೂಡಲೇ ಇನ್ವೆಸ್ಟ್ ಮಾಡಬೇಕು.

ಎರಕ ಹೊಯ್ದು ಪುಡಿ ಒಡದು ಸ್ಯಾಂಡ್‌ಬ್ಲಾಸ್ಟ್ ಹೊಡದ ಮ್ಯಾಲ ಕ್ಯಾಪ್ ತಿರುವಿ ಭೂತಗನ್ನಡಿ ಹಿಡದು ಒಳಗ ನೋಡ್ತೀನಿ. ಕಲಸುವಾಗ ಸಿಕ್ಕ ಗಾಳಿ ಗುಳ್ಳಿ ಲೋಹದ ಸಣ್ಣ ಮಣಿ ಆಗಿ ಒಳಗೋಡಿಗೆ ಅಂಟಿರ್ತೈತಿ, ಸಾಸಿವಿಗಿಂತ ಸಣ್ಣದು. ಅದೊಂದು ಉಳದ್ರ ಸಾಕು, ಕ್ಯಾಪು ಮ್ಯಾಲ ನಿಂತುಬಿಡತೈತಿ, ಸುತ್ತ ಅಂಚು ತೆರಕೊಂಡಿರ್ತೈತಿ. ಸಣ್ಣ ದುಂಡನ ಬರ್ರಿನಿಂದ (ಕೊರಿಯೋ ಮೊನಿಯಿಂದ) ಬರೇ ಅದನ್ನಷ್ಟ ತಗೀಬೇಕು. ಒಳಗಿನ ಗೋಡಿ ಎಲ್ಲಾ ಕೆರದು ಸಡಲ ಮಾಡಿ "ಕೂತ್ತು ನೋಡ್ರಿ" ಅನ್ನೋರೂ ಅದಾರ. ಅದು ಕೂತಂಗಲ್ಲ, ಸಿಮೆಂಟಿನ ಮ್ಯಾಲ ತೇಲತಿರ್ತೈತಿ. ಇದರ ಮ್ಯಾಲ ಸಿರಾಮಿಕ್ ಹಚ್ಚಿದ್ರ ಲೋಹ ಮತ್ತ ಮತ್ತ ಫರ್ನೇಸಿಗೆ ಹೋಗತೈತಿ, ತೆಳ್ಳನ ಅಂಚು ಅಲ್ಲೂ ಚೂರು ಮುರುಟಬಹುದು. ಪೂರ್ತಿ ಲೋಹದ ಕ್ಯಾಪಿಗೆ ಆ ಕಾಟ ಇಲ್ಲ. ಅದಕ್ಕ ಅಂಚಿನ ಮಾತು ಬಂದ್ರ ನನ್ನ ಮನಸ್ಸಿನಾಗ ಮೊದಲ ನಂಬರ್ ಇವತ್ತಿಗೂ ಪೂರ್ತಿ ಲೋಹದ್ದು. ಬಣ್ಣ ಬ್ಯಾಡ ಅನ್ನೋರು ಮಾತ್ರ ಒಪ್ಪತಾರ.

ಮಷೀನಿನ ಕ್ಯಾಪೂ ಒಮ್ಮಿಗೇ ಸರಿಯಾದ ಅಳತಿಗೆ ಹೊರಗ ಬರಂಗಿಲ್ಲ. ಜಿರ್ಕೋನಿಯಾ ಡಿಸ್ಕು ಕೊರಿಯುವಾಗ ಸುಣ್ಣದ ಕಡ್ಡಿಯಷ್ಟು ಮೆತ್ತಗ ಇರ್ತೈತಿ. ಬೇಕಾದ ಅಳತಿಗಿಂತ ನೂರಕ್ಕ ಇಪ್ಪತ್ತರಿಂದ ಇಪ್ಪತ್ತೈದು ದೊಡ್ಡದು ಕೊರದು, 1500 ಡಿಗ್ರಿ ಹತ್ತಿರದ ಭಟ್ಟ್ಯಾಗ ರಾತ್ರಿ ಇಡ್ತೀವಿ. ಮುಂಜಾನೆ ತಗದಾಗ ಕುಗ್ಗಿ ಕಲ್ಲಾಗಿರ್ತೈತಿ. ಎಷ್ಟು ಕುಗ್ಗತೈತಿ ಅನ್ನೋದು ಡಿಸ್ಕಿನಿಂದ ಡಿಸ್ಕಿಗೆ ಫರಕು, ಅದಕ್ಕ ಪ್ರತಿಯೊಂದ್ರ ಮ್ಯಾಲೂ ಆ ಅಂಕಿ ಬರದಿರ್ತಾರ. ಆ ಅಂಕಿ ಸಾಫ್ಟ್‌ವೇರಿಗೆ ತಪ್ಪು ಹೊಡದ್ರ ಅವತ್ತಿನ ಡಿಸ್ಕಿನ ಕ್ಯಾಪು ಎಲ್ಲಾ ಬಿಗಿ ಇಲ್ಲಾ ಸಡಲ. ಎರಕದಾಗ ಉಬ್ಬಿಗೂ ಕುಗ್ಗಿಗೂ ಲೆಕ್ಕ ಹೊಂದಿಸೋದು ನಮ್ಮ ಕೈಯಾಗಿತ್ತು. ಇಲ್ಲಿ ಆ ಲೆಕ್ಕ ಕಂಪನಿಯವರು ಮೊದಲ ಮಾಡಿ ಕಳಿಸಿರ್ತಾರ. ಮಷೀನಿನ ದೊಡ್ಡ ಗುಣ ಇದ.

ಅದರ ಕೊರತಿ ಎರಡು. ಒಳಗ ಕೊರಿಯೋ ಬರ್ರಿಗೆ ತನ್ನ ದಪ್ಪ ಐತಿ. ಡಾಕ್ಟರು ಕೊರದ ಹಲ್ಲಿನ ಮೂಲಿ ಚೂಪಿದ್ರ ಬರ್ರಿನ ತುದಿ ಅಷ್ಟು ಸಣ್ಣ ಸಂದ್ಯಾಗ ಹೋಗಂಗಿಲ್ಲ, ಕ್ಯಾಪು ಆ ಮೂಲಿಗೆ ತಾಗಿ ನಿಲ್ಲಬಾರದು ಅಂತ ಸಾಫ್ಟ್‌ವೇರು ಅಲ್ಲಿ ಹೆಚ್ಚು ಕೊರಸತೈತಿ. ಅಂಚು ಬರೋಬರಿ ಇದ್ರೂ ಒಳಗ ಸಿಮೆಂಟು ದಪ್ಪಾಗತೈತಿ. ಅದಕ್ಕ ನಾವು ಡಾಕ್ಟರಿಗೆ "ಮೂಲಿ ಎಲ್ಲಾ ದುಂಡಗ ಮಾಡಿ ಕೊಡ್ರಿ" ಅಂತ ಕೇಳ್ತಿರ್ತೀವಿ. ಎರಡನೇದು ಅಂಚು. ಲೋಹವನ್ನ ಚಾಕುವಿನ ಬಾಯಿಯಷ್ಟು ತೆಳ್ಳಗ ಮಾಡಬಹುದು. ಮೆತ್ತನ ಜಿರ್ಕೋನಿಯಾ ಅಷ್ಟು ತೆಳ್ಳಗಾದ್ರ ಬರ್ರ್ ಮುಟ್ಟಿದ ಕೂಡಲೇ ಉದರತೈತಿ. ಅದಕ್ಕ ಅಂಚು ಸ್ವಲ್ಪ ದಪ್ಪ ಇಟ್ಟು ಕೊರದು, ಆಮ್ಯಾಲ ಕೈಲೆ ಪಾಲಿಶ್ ಮಾಡೋ ರಬ್ಬರ್ ಹಿಡದು ತಿದ್ದತೀವಿ. ಅಂದ್ರ ಪೂರ್ತಿ ಕಂಪ್ಯೂಟರಿಂದು ಅಂತ ಮಾರೋ ಕ್ಯಾಪಿನ ಅಂಚಿಗೆ ಕಡೀ ಕೈ ಮನುಷ್ಯಾನ ಕೈಯೇ. ಆ ಕೈ ಅವಸರ ಮಾಡಿದ್ರ ಮಷೀನಿನ ಸಾಧನಿ ಅಲ್ಲೇ ಹೋತು.

ಎಲ್ಲಕ್ಕಿಂತ ನನಗ ಹೆಚ್ಚು ಸಂಕಟ ಕೊಡೋದು ಅಳತಿ. ಕಂಪನಿಯವರು ತಮ್ಮ ಲ್ಯಾಬ್ ಸ್ಕ್ಯಾನರ್ ಹತ್ತು ಮೈಕ್ರಾನಿನೊಳಗ ಓದತೈತಿ ಅಂತಾರ. ಅದರ ಕೆಳಗ ಇಡೋ ಅಳತಿ ಹೆಂಗಿರ್ತೈತಿ ಕೇಳ್ರಿ. ಅಲ್ಜಿನೇಟ್ ಅಳತಿ ತಗದು ಒದ್ದಿ ಹತ್ತಿ ಸುತ್ತಿ ಪ್ಲಾಸ್ಟಿಕ್ ಚೀಲಕ್ಕ ಹಾಕಿ ಬಸ್ಸಿನ್ಯಾಗ ಕಳಸತಾರ. ಅದು ಪಾರ್ಸಲ್ ಆಗಿ ಹಳೇ ಬಸ್‌ಸ್ಟ್ಯಾಂಡಿಗೆ ಬರೂದ್ರಾಗ ಅರ್ಧ ದಿನ. ಅಲ್ಜಿನೇಟ್ ನೀರಿನ ಸಾಮಾನು, ಒಣಗಿದ್ರ ಕುಗ್ಗತೈತಿ, ತಗದ ಸ್ವಲ್ಪ ಹೊತ್ತಿನಾಗ ಪ್ಲಾಸ್ಟರ್ ಹೊಯ್ಯಬೇಕು. ಕ್ಯಾಪಿನ ಅಳತಿಗೆ ಅದು ತಕ್ಕದ್ದ ಅಲ್ಲ, ಸಿಲಿಕಾನ್ ಪುಟ್ಟಿ ಬೇಕು. ಪುಟ್ಟಿ ಬಂದ್ರೂ ಕೆಲವು ಸಲ ಒಸಡಿನ ಬುಡದಾಗ, ಅಂಚು ಎಲ್ಲಿ ಮುಗೀತೈತೋ ಅಗದಿ ಅಲ್ಲೇ, ರಗತ ಉಗುಳು ಸೇರಿ ಹರದಿರ್ತೈತಿ. ನಾನು ಡಾಕ್ಟರಿಗೆ ಫೋನ್ ಹಚ್ಚಿ "ಸರ, ಮಾರ್ಜಿನ್ ಕಾಣವಲ್ದು, ಮತ್ತೊಮ್ಮಿ ತಗೊಂಡು ಕಳಸ್ರಿ" ಅಂತೀನಿ. ಕೆಲವರು ಕಳಸತಾರ. ಕೆಲವರು "ಅಂದಾಜಿಗೆ ಮಾಡಿಬಿಡ್ರಿ" ಅಂತಾರ. ಆ ಅಂದಾಜಿನ ಗೆರಿಗೆ 1907ರ ಎರಕಾನೂ ಒಂದ, ಇವತ್ತಿನ ಐದು ಆಕ್ಸಿಸ್ ಮಷೀನೂ ಒಂದ.

ಸಪ್ತಾಪುರದ ಸಾಹೇಬ್ರ, ವಾರಂಟಿ ಕಾರ್ಡು ಒಳ್ಳೇದ, ಅಸಲು ಸಾಮಾನು ಅಂತ ಗೊತ್ತಾಗತೈತಿ. ಆದ್ರ ಅದು ಕ್ಯಾಪು ಒಡದ್ರ ಬದಲಿ ಕೊಡೋ ಕಾರ್ಡು. ಒಳಗ ಹಲ್ಲು ಹುಳುಕಾದ್ರ ಅದಕ್ಕ ಸಂಬಂಧ ಇರಂಗಿಲ್ಲ. ಬ್ರಶ್ಶು ಫ್ಲಾಸು ಬಿಡಬ್ಯಾಡ್ರಿ.

ಹಾವೇರಿ ದಂತವೈದ್ಯೆ:

ಲ್ಯಾಬಿನ ಅಣ್ಣಾವ್ರು ಬರೆದದ್ದು ಬಹುಪಾಲು ಸರಿ ಇದೆ. ನಾನು ಕ್ಲಿನಿಕ್ಕಿನ ಕಡೆಯಿಂದ ಒಂದಿಷ್ಟು ಸೇರಿಸ್ತೀನಿ, ಒಂದು ಮಾತಿಗೆ ತಕರಾರೂ ಮಾಡ್ತೀನಿ.

ಟೀಚರ್ ಅವರೇ, ಅಳತೆ ಮಾಡಿದ ಅಧ್ಯಯನಗಳು ಬೇಕಾದಷ್ಟಿವೆ. ಆದರೆ ಒಂದರ ಅಂಕಿಯನ್ನ ಇನ್ನೊಂದರ ಪಕ್ಕ ಇಟ್ಟು ಓದೋದು ಕಷ್ಟ. ಒಬ್ಬರು ಸಿಮೆಂಟ್ ಹಚ್ಚೋ ಮೊದಲು ಅಳೆದಿರ್ತಾರೆ, ಇನ್ನೊಬ್ಬರು ಹಚ್ಚಿದ ಮೇಲೆ. ಸಿಮೆಂಟ್ ಹಾಕಿದಾಗ ಕ್ಯಾಪ್ ಸ್ವಲ್ಪ ಎತ್ತರದಲ್ಲೇ ನಿಲ್ಲೋದ್ರಿಂದ ಸಂದಿ ಹೆಚ್ಚು ಬರ್ತದೆ. ಒಬ್ಬರು ಕ್ಯಾಪನ್ನೇ ಕತ್ತರಿಸಿ ಮೈಕ್ರೋಸ್ಕೋಪಿನಲ್ಲಿ ನೋಡ್ತಾರೆ, ಇನ್ನೊಬ್ಬರು ಒಳಗೆ ತೆಳು ಸಿಲಿಕಾನ್ ಹಾಕಿ ಅದರ ಪದರದ ದಪ್ಪ ಅಳೀತಾರೆ, ಮತ್ತೊಬ್ಬರು ಮೈಕ್ರೋ ಸಿಟಿ ಸ್ಕ್ಯಾನ್ ಮಾಡ್ತಾರೆ. ಒಂದು ಕ್ಯಾಪಿನ ಸುತ್ತ ನಾಲ್ಕು ಕಡೆ ಅಳೆದು ಸರಾಸರಿ ಕೊಟ್ಟರೆ ನಂಬೋಕಾಗೋದಿಲ್ಲ, ಐವತ್ತು ಕಡೆಯಾದರೂ ಅಳೀಬೇಕು ಅನ್ನೋ ವಾದ ಇದೆ, ನನಗೂ ಅದು ಸರಿ ಕಾಣ್ತದೆ. ಸಂದಿ ಅಂದರೆ ಯಾವುದು ಅನ್ನೋದೇ ಒಂದು ಪ್ರಶ್ನೆ: ಕ್ಯಾಪು ಗಿಡ್ಡ ಇರಬಹುದು, ಉದ್ದ ಇದ್ದು ಹೊರಗೆ ಚಾಚಿರಬಹುದು. 1989ರಲ್ಲಿ ಹೋಮ್ಸ್ ಮತ್ತು ಜೊತೆಗಾರರು ಇವನ್ನೆಲ್ಲ ಬೇರೆಬೇರೆ ಹೆಸರಿಟ್ಟು ವಿಂಗಡಿಸಿದ ಮೇಲೆ ಸ್ವಲ್ಪ ಶಿಸ್ತು ಬಂತು. ಇಷ್ಟೆಲ್ಲ ಹೆಚ್ಚುಕಡಿಮೆ ಬಿಟ್ಟು ನೋಡಿದರೆ, ಇವತ್ತಿನ ಒಳ್ಳೆ ಮಿಲ್ಲಿಂಗು, ಒಳ್ಳೆ ಎರಕ ಎರಡೂ ಆ 120ರ ಗೆರೆಯ ಒಳಗೆ ಬರ್ತವೆ, ಎರಡರ ಅಂಕಿಗಳೂ ಒಂದರ ಮೇಲೊಂದು ಬೀಳ್ತವೆ.

ಮಷೀನು ಮೊದಲಿಂದ ಹೀಗಿರಲಿಲ್ಲ. ಜ್ಯೂರಿಕ್ ವಿಶ್ವವಿದ್ಯಾಲಯದಲ್ಲಿ ಮೊರ್ಮನ್ ಮತ್ತು ಬ್ರಾಂಡೆಸ್ಟಿನಿ 1985ರಲ್ಲಿ ಸೆರೆಕ್ ಯಂತ್ರದಿಂದ ಮೊದಲ ಇನ್‌ಲೇ (ಹಲ್ಲಿನ ಕುಳಿಯೊಳಗೆ ಕೂಡಿಸೋ ತುಂಡು) ಮಾಡಿದಾಗ ಅದಕ್ಕೆ ಅಗಿಯೋ ಮೇಲ್ಮೈ ಕೊರೆಯೋಕೆ ಬರ್ತಿರಲಿಲ್ಲ, ವೈದ್ಯರೇ ಬಾಯಲ್ಲಿ ಕೈಯಿಂದ ತಿದ್ದಬೇಕಿತ್ತು. ಅಂಚಿನ ಸಂದಿಯೂ ದೊಡ್ಡದಿತ್ತು. "ಮಷೀನಿನದು ಸರಿ ಕೂಡೋದಿಲ್ಲ" ಅನ್ನೋ ಹಳೆಯ ವೈದ್ಯರ ಮಾತು ಆ ಕಾಲದ್ದು. ಈಗ ಆ ಮಾತು ನಿಲ್ಲೋದಿಲ್ಲ.

ಈಗ ನನ್ನ ತಕರಾರು. ಅಣ್ಣಾವ್ರು ಒಳ್ಳೆ ಎರಕ ಮಷೀನಿಗೆ ಸೋಲೋದಿಲ್ಲ ಅಂದರು. ಒಪ್ಪಿದೆ. ಆದರೆ ಹಾವೇರಿಯಲ್ಲಿ ಕೂತು ನಾನು ಅಳತೆ ಕಳಿಸಿದರೆ ಆ ದಿನ ಯಾರ ಕೈಗೆ ನನ್ನ ಕೆಲಸ ಹೋಗ್ತದೆ ನನಗೆ ಗೊತ್ತಾಗೋದಿಲ್ಲ. ಮೇಣದ ಅಂಚು ಅಷ್ಟು ಶ್ರದ್ಧೆಯಿಂದ ಕಟ್ಟೋರು ಕಡಿಮೆ ಆಗ್ತಿದ್ದಾರೆ. ಮಷೀನಿನ ಕ್ಯಾಪು ಬಂದರೆ ಸೋಮವಾರದ್ದೂ ಶನಿವಾರದ್ದೂ ಒಂದೇ ತರಹ ಇರ್ತದೆ, ಬಾಯಲ್ಲಿ ತಿದ್ದೋ ಕೆಲಸ ಕಡಿಮೆ. ಅದಕ್ಕೇ ನಾನು ಹೆಚ್ಚಾಗಿ ಅದನ್ನೇ ಬರೀತೀನಿ.

ಬಾಯಿಯೊಳಗೇ ಸ್ಕ್ಯಾನ್ ಮಾಡೋ ಕ್ಯಾಮೆರಾ ಬಂದ ಮೇಲೆ ಪುಟ್ಟಿ, ಪ್ಲಾಸ್ಟರ್, ಬಸ್ಸಿನ ಪಾರ್ಸಲ್ಲು ಎಲ್ಲ ತಪ್ತದೆ, ಒಂದೇ ಹಲ್ಲಿನ ಕ್ಯಾಪಿಗೆ ತುಂಬ ಚೆನ್ನಾಗಿ ಬರ್ತದೆ. ಆದರೆ ಕ್ಯಾಮೆರಾ ಬೆಳಕು ಮುಟ್ಟಿದ್ದನ್ನ ಮಾತ್ರ ನೋಡ್ತದೆ. ಒಸಡಿನ ಕೆಳಗೆ ಅಂಚಿದ್ದು ಅಲ್ಲಿ ರಕ್ತ ಒಸರ್ತಿದ್ದರೆ ಅದು ರಕ್ತದ ಮೇಲ್ಮೈಯನ್ನೇ ಹಲ್ಲು ಅಂತ ಬರಕೊಳ್ತದೆ. ಒಸಡಿನ ಸಂದಿಗೆ ದಾರ ಸೇರಿಸಿ, ಒಣಗಿಸಿ, ಕಾಯ್ದು ಆಮೇಲೆ ಸ್ಕ್ಯಾನ್ ಮಾಡಬೇಕು. 1966ರಲ್ಲಿ ಗಾರ್ಡನ್ ಕ್ರಿಸ್ಟೆನ್ಸೆನ್ ಬಂಗಾರದ ಇನ್‌ಲೇಗಳ ಅಂಚನ್ನ ವೈದ್ಯರ ಕೈಗೆ ಕೊಟ್ಟು ಪರೀಕ್ಷೆ ಮಾಡಿದ್ದರು. ಕಣ್ಣಿಗೆ ಕಾಣೋ ಅಂಚಾದರೆ 50 ಮೈಕ್ರಾನ್ ಹತ್ತಿರಕ್ಕೇ ನಿಲ್ಲಿಸಿದವರು, ಒಸಡಿನ ಕೆಳಗಿನ ಅಂಚಾದರೆ 119ರ ತನಕ ಸರಿ ಇದೆ ಅಂದುಬಿಟ್ಟಿದ್ದರು. ಕಾಣದ ಕಡೆ ನಾವು ಸಡಿಲ ಬಿಡ್ತೀವಿ. ಹಾಗಾಗಿ ಟೀಚರ್ ಅವರೇ, ನಿಮ್ಮ ಡಾಕ್ಟರಿಗೆ ಮೊದಲು ಕೇಳಬೇಕಾದ್ದು ಇದು: ಅಂಚು ಒಸಡಿನ ಮೇಲೆ ಬರ್ತದೋ ಕೆಳಗೋ?

ಗದಗ ಟೀಚರ್:

ಇಬ್ಬರಿಗೂ ಭಾಳ ಉಪಕಾರ ಆತ್ರಿ. ನಿನ್ನೆ ಸಂಜಿಕ ಅವ್ವನ್ನ ಕರಕೊಂಡು ಹೋಗಿ ನೀವು ಹೇಳಿದ್ದೆಲ್ಲಾ ಕೇಳಿದೆ. ಡಾಕ್ಟರು ಬ್ಯಾಸರ ಮಾಡಕೊಳ್ಳಲಿಲ್ಲ, ಕುಂದರಿಸಿ ಎಕ್ಸ್‌ರೇ ತೋರಿಸಿ ಹೇಳಿದ್ರು. ಬಾಯಾಗ ಸ್ಕ್ಯಾನ್ ಮಾಡೋ ಕ್ಯಾಮೆರಾ ಅವರ ಕಡೆ ಇಲ್ಲ, ಪುಟ್ಟಿ ಅಳತಿನ ತಗೀತಾರಂತ, ಲ್ಯಾಬಿನ್ಯಾಗ ಅದನ್ನ ಸ್ಕ್ಯಾನ್ ಮಾಡತಾರಂತ.

ಎರಡು ಹೊಸಾ ಸಂಗತಿ ಗೊತ್ತಾತು. ಹಲ್ಲಿನ ನಾಲಿಗಿ ಕಡೆ ಗೋಡಿ ಒಡದು ಒಸಡಿನ ಮಟ್ಟಕ್ಕ ಬಂದೈತಿ, ಹಲ್ಲೂ ಗಿಡ್ಡ ಐತಿ, ಮ್ಯಾಲಿನ ಹಲ್ಲಿಗೂ ಇದಕ್ಕೂ ನಡುವ ಜಾಗಾ ಕಮ್ಮಿ. ಇನ್ನೊಂದು, 4,500ರ ಕ್ಯಾಪಿನ ಲೋಹಾನೂ ಎರಕ ಅಲ್ಲಂತ್ರಿ! ಲೇಸರಿನಿಂದ ಮಾಡಿದ್ದು ಬರತೈತಿ ಅಂದ್ರು, ಡಿಎಂಎಲ್‌ಎಸ್ ಅಂತ ಚೀಟಿ ಮ್ಯಾಲ ಬರದುಕೊಟ್ರು. ಹಂಗಾದ್ರ ನಾನು ಕೇಳಿದ ಪ್ರಶ್ನಿನ ಬದಲಾತಲ್ಲ. ಈಗ ಏನು ಮಾಡಬೇಕ್ರಿ? ಮತ್ತ ಹಾಕೋ ದಿನ ಅದು ಸರಿ ಕೂತೈತಿ ಅಂತ ನಮ್ಮಂಥವರಿಗೆ ಗೊತ್ತಾಗೋದು ಹೆಂಗ?

ಮೇಣ-ಮಷೀನು ಹುಬ್ಬಳ್ಳಿ:

ಮೇಡಂ ಹೇಳಿದ ತಕರಾರು ಒಪ್ಪತೀನಿ. ಮೇಣ ಕಲಿಯಾಕ ಹುಡುಗರು ಬರವಲ್ರು, ಬಂದವರೂ ಕೀಬೋರ್ಡಿನ ಮುಂದ ಕುರ್ಚಿ ಕೇಳತಾರ. ನನಗ ಇದು ಸಂಕಟದ ವಿಷಯ, ಯಾಕಂದ್ರ ಅಂಚು ಅಂದ್ರ ಏನು ಅಂತ ಕಣ್ಣು ಕಲಿಯೋದು ಮೇಣದಾಗ. ಮೇಣ ಮುಟ್ಟದ ಹುಡುಗ ಸ್ಕ್ರೀನಿನ ಮ್ಯಾಲ ಮಾರ್ಜಿನ್ ಗೆರಿ ಎಳಿಯುವಾಗ ಸಾಫ್ಟ್‌ವೇರು ತೋರಿಸಿದ್ದಕ್ಕ ಹೂಂ ಅಂದುಬಿಡತಾನ.

ಟೀಚರ್ರ, ಲೇಸರಿಂದು ಅಂದ್ರ ಕೋಬಾಲ್ಟ್-ಕ್ರೋಮಿನ ಸಣ್ಣ ಪುಡಿ ಹಾಸಿ ಹಾಸಿ, ಒಂದೊಂದು ಪದರಾನ್ನ ಲೇಸರಿನಿಂದ ಕರಗಿಸಿ ಕೂಡಿಸೋದು. ಮೇಣ ಇಲ್ಲ, ರಿಂಗ್ ಇಲ್ಲ, ಉಬ್ಬು ಕುಗ್ಗಿನ ಲೆಕ್ಕ ಕೈಯಾಗಿಲ್ಲ. ಒಳಗ ಸ್ವಲ್ಪ ಖರಖರ ಇರ್ತೈತಿ, ಸ್ಯಾಂಡ್‌ಬ್ಲಾಸ್ಟ್ ಹೊಡದು ಸರಿ ಮಾಡತೀವಿ. ಅಂಚು ಛಲೋನ ಬರತೈತಿ. ಈಗ ಲೋಹದ ಕ್ಯಾಪಿನ ಕೆಲಸ ಭಾಳಷ್ಟು ಇದರಾಗ ಆಗತೈತಿ. ಕೋಬಾಲ್ಟ್-ಕ್ರೋಮಿನಾಗ ನಿಕಲ್ ಸೇರಿಸಂಗಿಲ್ಲ, ನಿಕಲ್ ಇರೋ ಕಿವಿಯೋಲಿ ಹಾಕಿದ್ರ ಕಿವಿ ತುರಸೋರಿಗೆ ಅದೂ ಅನುಕೂಲ. ಹಿಂಗಾಗಿ ನಿಮ್ಮ ಮುಂದ ಇರೋ ಎರಡೂ ಕ್ಯಾಪು ಕಂಪ್ಯೂಟರಿನವ ಅಂತ ತಿಳೀರಿ. ಬರೇ ಕೂಡೋ ಮಾತಿಗೆ 5,500 ಹೆಚ್ಚು ಕೊಡಬೇಕಾಗಿಲ್ಲ.

ಆದ್ರ ಹಲ್ಲು ಗಿಡ್ಡ ಅಂದ್ರೆಲ್ಲ, ಅಲ್ಲಿ ಲೆಕ್ಕ ತಿರುಗತೈತಿ. ಲೋಹದ ಮ್ಯಾಲ ಸಿರಾಮಿಕ್ ಹಚ್ಚಬೇಕಂದ್ರ ಅಗಿಯೋ ಕಡೆ ಒಂದೂವರಿಯಿಂದ ಎರಡು ಮಿಲಿಮೀಟರ್ ಹಲ್ಲು ಕೊರೀಬೇಕು. ಪೂರ್ತಿ ಜಿರ್ಕೋನಿಯಾಕ್ಕ ಒಂದರ ಆಸುಪಾಸು ಸಾಕು, ಪೂರ್ತಿ ಲೋಹಕ್ಕೂ ಅಷ್ಟ. ಗಿಡ್ಡ ಹಲ್ಲಿನಾಗ ಮತ್ತ ಅರ್ಧದಿಂದ ಒಂದು ಮಿಲಿಮೀಟರ್ ಕಳಕೊಂಡ್ರ ಕ್ಯಾಪಿಗೆ ಹಿಡಕೊಳ್ಳಾಕ ಏನೂ ಉಳಿಯಂಗಿಲ್ಲ. ಅದಕ್ಕ ನಾನು ನಿಮ್ಮ ಜಾಗಾದಾಗ ಇದ್ರ 4,500ದ್ದು ಬಿಡ್ತಿದ್ದೆ. ಜಿರ್ಕೋನಿಯಾ ಹಾಕಸ್ರಿ, ಇಲ್ಲಾ ಬಣ್ಣದ ಹಂಬಲ ಇಲ್ಲಾಂದ್ರ ಪೂರ್ತಿ ಲೋಹದ್ದು ಕೇಳ್ರಿ. ಕೆಳಗಿನ ದೊಡ್ಡ ದವಡಿ ಹಲ್ಲು, ಕಡಕ್ ರೊಟ್ಟಿ ಕಡಿಯೋ ಹಲ್ಲು, ಲೋಹ ಅಲ್ಲಿ ಸಿಡಿಯಂಗಿಲ್ಲ. ರೊಕ್ಕಾನೂ ಕಮ್ಮಿ.

ಒಸಡಿನ ಮಟ್ಟಕ್ಕ ಒಡದಿದ್ದು ಮಾತ್ರ ಕ್ಯಾಪಿನಿಂದ ಸರಿ ಆಗೋ ಮಾತಲ್ಲ. ಕ್ಯಾಪು ಸುತ್ತಲೂ ಎರಡು ಮಿಲಿಮೀಟರಿನಷ್ಟು ಗಟ್ಟಿ ಹಲ್ಲು ಹಿಡಕೋಬೇಕು. ನಾಲಿಗಿ ಕಡೆ ಅಷ್ಟು ಸಿಗಂಗಿಲ್ಲ ಅಂದ್ರ ಅಲ್ಲಿ ಒಸಡು ಚೂರು ಇಳಿಸಿ, ವಾಸಿ ಆದ ಮ್ಯಾಲ ಅಳತಿ ತಗೀಬೇಕು. ಅದನ್ನ ಮಾಡಬೇಕೋ ಬ್ಯಾಡೋ ಡಾಕ್ಟರ ಹೇಳಬೇಕು, ಮೇಡಂ ಅವರೂ ಇದಕ್ಕ ಹೂಂ ಅಂತಾರ ಅಂದ್ಕೊಂಡೀನಿ.

ಹಾಕೋ ದಿನ ಸಿಮೆಂಟ್ ಹಚ್ಚೋ ಮೊದಲ ಟ್ರಯಲ್ ಮಾಡ್ರಿ ಅಂತ ಕೇಳ್ರಿ. ಕ್ಯಾಪು ಒತ್ತಡ ಹಾಕಲಾರದ ಇಳೀಬೇಕು, ಇಳಿದ ಮ್ಯಾಲ ಬೆರಳಿನಿಂದ ಒಂದು ಮೂಲಿ ಒತ್ತಿದ್ರ ಇನ್ನೊಂದು ಏಳಬಾರದು. ಡಾಕ್ಟರು ಚೂಪನ ಸೂಜಿಯಂಥಾ ಪ್ರೋಬಿನಿಂದ ಹಲ್ಲಿನಿಂದ ಕ್ಯಾಪಿಗೆ, ಕ್ಯಾಪಿನಿಂದ ಹಲ್ಲಿಗೆ ಎರಡೂ ಕಡೆ ಎಳೆದು ನೋಡಬೇಕು. ಒಂದ ಕಡೆ ಎಳೆದಾಗ ಸಿಕ್ಕೊಂಡ್ರ ಗಿಡ್ಡೋ ಉದ್ದೋ ಅನ್ನೋದು ಅಲ್ಲೇ ತಿಳೀತೈತಿ. ಆಜೂಬಾಜೂ ಹಲ್ಲಿನ ನಡುವ ಫ್ಲಾಸ್ ಟಕ್ ಅಂತ ಇಳೀಬೇಕು, ಹರೀಬಾರದು. ಬದಿ ಹಲ್ಲಿಗೆ ಬಿಗಿಯಾಗಿ ಒತ್ತಿದ್ರೂ ಕ್ಯಾಪು ಕೆಳಗ ಇಳೀಲಾರದ ಅಂಚು ತೆರಕೊಂಡಿರ್ತೈತಿ, ಎಷ್ಟೋ ಜನ ಅದನ್ನ ಲ್ಯಾಬಿನ ಅಂಚಿನ ತಪ್ಪು ಅಂತ ವಾಪಸ್ ಕಳಸತಾರ, ಬರೇ ಬದಿ ಚೂರು ತಿದ್ದಿದ್ರ ಕೂಡತೈತಿ. ಕಡೀಕ ಒಂದು ಎಕ್ಸ್‌ರೇ ತಗೀರಿ ಅನ್ರಿ. ಎಕ್ಸ್‌ರೇದಾಗ ಎರಡು ಹಲ್ಲಿನ ನಡುವಿನ ಅಂಚು ಮಾತ್ರ ಕಾಣತೈತಿ, ಕೆನ್ನಿ ಕಡೆ ನಾಲಿಗಿ ಕಡೆ ಕಾಣಂಗಿಲ್ಲ. ಆ ಎರಡು ಕಡೆಗೆ ಪ್ರೋಬ್ ಒಂದ ಸಾಕ್ಷಿ. ನಿಮ್ಮವ್ವನ ಹಲ್ಲು ಒಡದಿದ್ದು ನಾಲಿಗಿ ಕಡೆ, ಅಲ್ಲೇ ಹೆಚ್ಚು ಹೊತ್ತು ನೋಡಾಕ ಹೇಳ್ರಿ.

ಹಾವೇರಿ ದಂತವೈದ್ಯೆ:

ಹೂಂ, ಒಸಡಿನ ಮಾತು ಸರಿ. ಇಳಿಸಿದರೆ ಅಳತೆಗೆ ಅವಸರ ಮಾಡಬೇಡಿ, ಒಸಡು ವಾಸಿಯಾಗಿ ಒಂದು ಮಟ್ಟಕ್ಕೆ ನಿಲ್ಲೋ ತನಕ ತಾತ್ಕಾಲಿಕ ಕ್ಯಾಪ್ ಇರಲಿ. ರೂಟ್ ಕೆನಾಲ್ ಆದ ದವಡೆ ಹಲ್ಲನ್ನ ಕ್ಯಾಪಿಲ್ಲದೆ ಬಿಟ್ಟರೆ ರೊಟ್ಟಿ ಕಡಿಯುವಾಗ ಸೀಳಬಹುದು. ಆ ತಾತ್ಕಾಲಿಕದ ಅಂಚೂ ನುಣುಪಾಗಿರಬೇಕು, ಇಲ್ಲದಿದ್ದರೆ ಅಳತೆ ದಿನ ಮತ್ತೆ ರಕ್ತ.

ಗದಗ ಟೀಚರ್:

ಡಾಕ್ಟರಿಗೆ ಫೋನ್ ಮಾಡಿದ್ದೆ. ನಾಲಿಗಿ ಕಡೆ ಒಸಡು ಇಳಿಸೋದು ಅವರ ಮನಸ್ಸಿನಾಗೂ ಇತ್ತಂತ, ಬರೋ ಬುಧವಾರ ಮಾಡತಾರ. ಪೂರ್ತಿ ಲೋಹದ್ದು ಯಾರೂ ಕೇಳಂಗಿಲ್ಲಂತ ಅವರು ಹೇಳಿದ್ದಿಲ್ಲಂತ, ಲ್ಯಾಬಿನ್ಯಾಗ ಮಾಡಿಕೊಡತಾರಂತ, 3,000 ಆಗತೈತಿ ಅಂದ್ರು. ಅವ್ವಗ ಕೇಳಿದೆ. "ಅಲ್ಲಿ ಯಾರು ಇಣುಕಿ ನೋಡ್ತಾರ, ರೊಟ್ಟಿ ಮುರದ್ರ ಸಾಕು, ಲೋಹದ್ದ ಹಾಕಸು" ಅಂದಳು. ಟ್ರಯಲ್ ದಿನ ಪ್ರೋಬಿನ ಮಾತು, ಫ್ಲಾಸಿನ ಮಾತು ಎರಡೂ ಕೇಳ್ತೀನಿ, ಆಮ್ಯಾಲ ಇಲ್ಲಿ ಬರೀತೀನ್ರಿ.